ವೀರಯ್ಯನ ಎಡಸುತ್ತು

‘ಧಪ್’ ಎಂದು ಚೆಂಡು ಕಲ್ಲಿಗೆ ಬಡಿಯಿತು. ಬೆನ್ನಿಗೇ ಹುಡುಗಿಯರ ನಗು, ಆ ನಗುವಿನ ಮೇಲೊಂದು ಉದ್ದನೆಯ ಸೀಟಿ. ಹಣೆಗೆ ವಿಭೂತಿ ಎಳೆಯುತ್ತಿದ್ದ ವೀರಯ್ಯನ ಮೂರು ಬೆರಳು ಹುಬ್ಬಿನ ಮೇಲೆಯೇ ನಿಂತವು.

“ಬಸವಣ್ಣಗ ಮತ್ತ ಪಾಸ್ ಕೊಟ್ಟರು ನೋಡು,” ಎಂದ, ಒಲೆಯ ಮುಂದಿದ್ದ ಹೆಂಡತಿಗೆ ಕೇಳುವಂತೆ.

“ಕೊಡ್ಲಿ ಬಿಡ್ರಿ. ದಿನಾ ನಿಮ್ಮ ಒಬ್ಬರ ಮಾರಿ ನೋಡಿ ನೋಡಿ ಅದಕ್ಕೂ ಬ್ಯಾಸರ ಬಂದಿತ್ತು,” ಎಂದಳು ನೀಲಾಬಾಯಿ. ಅವಳ ಕೈಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಲ್ಲಲೇ ಇಲ್ಲ.

ಕೆರೂರವಾಡಿಯ ಹೈಸ್ಕೂಲು ಮೈದಾನದಲ್ಲಿ, ಮೂಡಣ ದಿಕ್ಕಿನ ಗೋಲುಕಂಬಗಳ ಹಿಂದೆ ಒಂದು ಬೇವಿನ ಮರ. ಮರದ ಕೆಳಗೆ ಕಟ್ಟೆ, ಕಟ್ಟೆಯ ಮೇಲೆ ಎಣ್ಣೆ ಕುಡಿದು ಕುಡಿದು ಮಿರುಗುವ ಕರಿಕಲ್ಲಿನ ನಂದಿ, ಊರವರ ಬಾಯಲ್ಲಿ ಬಸವಣ್ಣ. ಶಾಲೆಗಿಂತ ಎಷ್ಟೋ ತಲೆಮಾರು ಹಿರಿಯನು. ಆ ನೆಲ ಮೊದಲು ಚಂಪಾಬಾಯಿಯ ಮನೆಯವರ ಹೊಲ. ಊರಿಗೊಂದು ಹೈಸ್ಕೂಲು ಬೇಕೆಂದಾಗ ಆಕೆ ಹೊಲವನ್ನು ಬಿಟ್ಟುಕೊಟ್ಟಳು. ಬಸವಣ್ಣನನ್ನು ಮಾತ್ರ ಅಲುಗಿಸಬೇಡಿ ಎಂದಳು. ಯಾರೂ ಅಲುಗಿಸಲಿಲ್ಲ. ಓಟದ ಸುತ್ತುಹಾದಿ ಅವನನ್ನು ಬಳಸಿಕೊಂಡು ಹೋಯಿತು. ಗುರಿ ತಪ್ಪಿದ ಚೆಂಡುಗಳನ್ನೆಲ್ಲ ಅವನೇ ತಡೆದ. ಊರಿನಲ್ಲಿ ಅವನಷ್ಟು ನಂಬಿಗಸ್ತ ಗೋಲ್‌ಕೀಪರ್ ಇನ್ನೊಬ್ಬನಿಲ್ಲ ಎಂದು ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯ ಕಾಶೆಪ್ಪ ಹೇಳುವುದುಂಟು.

ಆ ಬಸವಣ್ಣನ ಪೂಜೆ ವೀರಯ್ಯನದು. ಅವನು ಹುಟ್ಟಿದ್ದು ಗಡಿಯಾಚೆ, ಕನ್ನಡ ನಾಡಿನ ಭಾಲ್ಕಿ ಸೀಮೆಯ ಒಂದು ಹಳ್ಳಿಯಲ್ಲಿ, ಕಲಿತದ್ದು ಮಠದಲ್ಲಿ. ಇಲ್ಲಿಯ ಲಿಂಗಾಯತ ಮನೆಗಳಿಗೆ ಅಯ್ಯನಿಲ್ಲವೆಂದು ಕರೆ ಬಂದಾಗ, ಮೀಸೆ ಚಿಗುರುವ ವಯಸ್ಸಿನಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ನಡೆದು ಬಂದವನು ಮರಳಿ ಹೋಗಲಿಲ್ಲ. ಲಗ್ನ, ತೊಟ್ಟಿಲು, ಹೊಸ ಮನೆ, ಕೂಸಿಗೆ ಲಿಂಗ ಕಟ್ಟುವುದು, ಎಲ್ಲಕ್ಕೂ ಅವನೇ. ಮಂತ್ರವನ್ನು ಮಠದ ರಾಗದಲ್ಲಿ ಹೇಳಿ, ಅರ್ಥವನ್ನು ಮರಾಠಿಯಲ್ಲಿ ಬಿಡಿಸಿ, ಊಟಕ್ಕೆ ಕೂತಾಗ ಕನ್ನಡದಲ್ಲಿ ನಗಿಸುವ ಅಯ್ಯ ಎಂದು ಸುತ್ತಲಿನ ಹಳ್ಳಿಗಳಲ್ಲಿ ಅವನಿಗೆ ಹೆಸರು. ಅವನ ಇನ್ನೊಂದು ಗುಣವೂ ಎಲ್ಲರಿಗೂ ಗೊತ್ತಿತ್ತು: ಅವನಿಗೆ ಅವಸರವಿಲ್ಲ. ಮಗ ಓಂಪ್ರಕಾಶ ಸರಕಾರಿ ಎಸ್.ಟಿ. ಬಸ್ಸಿನ ಕಂಡಕ್ಟರ್ ಆದಮೇಲಂತೂ ಬಸ್ಸೇ ಅವನಿಗಾಗಿ ಕಾಯುತ್ತಿತ್ತು. ವೀರಯ್ಯ ಓಡಿದ್ದನ್ನು ಕಂಡವರು ಕೆರೂರವಾಡಿಯಲ್ಲಿ ಯಾರೂ ಇರಲಿಲ್ಲ.

ಅಂಥವನ ಮನೆಗೆ ಓಡುವ ಸೊಸೆ ಬಂದಳು. ಶೈಲಶ್ರೀ ಮದುವೆಯಾಗಿ ಬಂದ ವಾರ ನೀಲಾಬಾಯಿ ಅವಳ ಟ್ರಂಕು ತೆರೆದು ಸೀರೆ ಎತ್ತಿಡುವಾಗ, ತಳದಲ್ಲಿ ಮೊಳೆ ಹೊಡೆದ ಒಂದು ಜೊತೆ ಬೂಟು ಕೈಗೆ ಚುಚ್ಚಿದವು.

“ಇದೇನ ತಾಯಿ, ಮುಳ್ಳಹಂದಿ?”

“ಓಡೋ ಬೂಟು, ಅತ್ತಿ.”

“ಯಾರ ಹಿಂದ ಓಡ್ತಿ?”

“ಹಿಂದ ಅಲ್ಲ, ಅತ್ತಿ. ಎಲ್ಲಾರಕಿಂತ ಮುಂದ.”

ಆ ಮಾತು ನೀಲಾಬಾಯಿಗೆ ಎಷ್ಟು ಹಿಡಿಸಿತೆಂದರೆ ಓಣಿಯ ತುಂಬ ಹೇಳಿಕೊಂಡು ಬಂದಳು. ಆ ವರ್ಷದ ಜೂನ್‌ನಲ್ಲಿ ಶೈಲಶ್ರೀ ಊರಿನ ಹೈಸ್ಕೂಲಿಗೇ ಕ್ರೀಡಾ ಶಿಕ್ಷಕಿಯಾದಳು. ಅಲ್ಲಿಯವರೆಗೆ ಕೆರೂರವಾಡಿ ಹೈಸ್ಕೂಲೆಂದರೆ ತಾಲೂಕಿನ ಪಂದ್ಯಗಳಿಗೆ ನಿಲಂಗಾಕ್ಕೆ ಹೋಗಿ, ಊಟದ ಪೊಟ್ಟಣ ತಿಂದು, ಸಿಕ್ಕ ಮೊದಲ ಬಸ್ಸಿಗೆ ಮರಳುವ ಶಾಲೆ. ಅವಳು ಹುಡುಗಿಯರನ್ನು ಆರಿಸಿಕೊಂಡಳು. ಚೆಂಡಾಟಕ್ಕೂ ಅವರೇ, ಓಟಕ್ಕೂ ಅವರೇ.

ಸುತ್ತುಹಾದಿಗೆ ಸುಣ್ಣದ ಗೆರೆ ಹಾಕಿದ ದಿನ ಊರ ಹಿರಿಯರು ಸೇರಿದ್ದರು. ಚಂಪಾಬಾಯಿಯ ಮಗ ಮಹಾದೇವಪ್ಪ ಶಾಲೆಯ ಅಧ್ಯಕ್ಷ. ಕಾಯಿ ಒಡೆದು, ಕೈ ಒರೆಸಿಕೊಳ್ಳುತ್ತ ಕೇಳಿದ:

“ಅಯ್ಯೋರ, ಹುಡುಗ್ಯಾರು ಬಸವಣ್ಣನ ಸುತ್ತ ಓಡ್ತಾರ. ಯಾವ ಕಡಿಂದ ಓಡಬೇಕು, ನೀವ ಹೇಳ್ರಿ.”

“ಬಲಕ್ಕ,” ಎಂದ ವೀರಯ್ಯ. “ದೇವರನ್ನ ಬಲಗೈಗೆ ಇಟ್ಕೊಂಡು. ಇದರಾಗ ಕೇಳೋದೇನದ?”

ಪಕ್ಕದಲ್ಲಿದ್ದ ಶೈಲಶ್ರೀ ಬಾಯಿ ತೆರೆದಳು. ಓಟದ ಪಂದ್ಯಗಳಲ್ಲಿ ಎಲ್ಲ ಕಡೆ ಎಡಕ್ಕೇ ತಿರುಗುತ್ತಾರೆ, ಮೈದಾನದ ಒಳಗು ಎಡಗೈಗೆ ಬರುತ್ತದೆ. ಆದರೆ ಕೆಲಸ ಹೊಸದು, ಮಾತಾಡಿದವನು ಮಾವ, ಆಡಿದ್ದು ಊರ ಮುಂದೆ. ಬಾಯಿ ಮುಚ್ಚಿದಳು. ಕಾಲು ಗಟ್ಟಿಯಾದರೆ ಸಾಕು, ಯಾವ ಕಡೆಗಾದರೇನು ಎಂದು ತನಗೇ ಹೇಳಿಕೊಂಡಳು. ಮಳೆಗಾಲ ಅರ್ಧ ಕಳೆಯುವತನಕ ಕೆರೂರವಾಡಿಯ ಹುಡುಗಿಯರು ಬಸವಣ್ಣನನ್ನು ಬಲಕ್ಕಿಟ್ಟುಕೊಂಡೇ ಓಡಿದರು. ಬೆಳಗಿನ ಪೂಜೆಗೆ ಬಂದ ವೀರಯ್ಯ, ತನ್ನ ಸುತ್ತ ಹಾಯುವ ಆ ಉಸಿರು, ಜಡೆ, ಕೆಸರು ಕಾಲುಗಳನ್ನು ನೋಡಿ, ಇಷ್ಟು ಪ್ರದಕ್ಷಿಣೆ ಯಾವ ದೊಡ್ಡ ಗುಡಿಯಲ್ಲೂ ನಡೆಯಲಿಕ್ಕಿಲ್ಲ ಎಂದು ಹಿಗ್ಗುತ್ತಿದ್ದ.

ಅವರಲ್ಲಿ ಎಲ್ಲರಿಗಿಂತ ಚುರುಕು ವೈಷ್ಣವಿ. ಅವಳಿಗೆ ಲಿಂಗ ಕಟ್ಟಿದ್ದೂ ವೀರಯ್ಯನೇ. “ಶಿವನ ಮನ್ಯಾಗ ವೈಷ್ಣವಿ ಅಂತ ಹೆಸರಿಟ್ಟಿಯಲ್ಲವಾ, ಟಿ.ವಿ. ನೋಡಿ ಇಟ್ಟಿಯೇನು?” ಎಂದು ಅವಳ ತಾಯಿ ಸುಮಂಗಲಾಳನ್ನು ತೊಟ್ಟಿಲ ದಿನವೇ ರೇಗಿಸಿದ್ದ. “ಹೌದ್ರಿ ಸ್ವಾಮ್ಯಾರ, ಶಿವಗ ಸಿಟ್ಟು ಬಂದ್ರ ನೀವ ಸಮಾಧಾನ ಮಾಡ್ರಿ,” ಎಂದಿದ್ದಳು ಸುಮಂಗಲಾ.

ಸ್ವಾತಂತ್ರ್ಯ ದಿನಕ್ಕೆ ಉಮರ್ಗಾದಲ್ಲಿ ಶಾಲೆಗಳ ನಡುವೆ ರಿಲೇ ಓಟವಿತ್ತು. ಶೈಲಶ್ರೀ ಹುಡುಗಿಯರನ್ನು ಕರೆದೊಯ್ದಳು. ಬಸ್ಸಿನುದ್ದಕ್ಕೂ ಹೇಳಿದಳು: ಅಲ್ಲಿ ಎಡಕ್ಕ, ಅಲ್ಲಿ ಎಡಕ್ಕ. ಎಲ್ಲರೂ ತಲೆಯಾಡಿಸಿದರು. ಮೊದಲ ಮೂವರು ಬಾಣದಂತೆ ಹೋದರು. ಕೊನೆಯ ಪಾಳಿ ವೈಷ್ಣವಿಯದು. ತಿರುವಿನಲ್ಲಿ ನಿಂತು, ಹಿಂದಕ್ಕೆ ಕೈ ಚಾಚಿ, ಕೋಲನ್ನು ಹಿಡಿದಳು. ಹಿಡಿದವಳೇ, ತಲೆ ಒಪ್ಪಿಕೊಂಡದ್ದನ್ನು ಕಾಲು ಒಪ್ಪದೆ, ಗರಕ್ಕನೆ ಬಲಕ್ಕೆ ತಿರುಗಿ ಓಡಿಬಿಟ್ಟಳು. ಕೋಲು ಬಂದ ದಾರಿಯಲ್ಲೇ ಕೋಲು ಹಿಂದಕ್ಕೆ ಹೋಯಿತು. ಎದುರಿನಿಂದ ಬರುತ್ತಿದ್ದ ಹುಡುಗಿಯರು ಎತ್ತಿನ ಬಂಡಿಗೆ ದಾರಿ ಬಿಟ್ಟಂತೆ ಎರಡೂ ಬದಿಗೆ ಸರಿದರು. ಉಮರ್ಗಾದ ಮಂದಿ ಹೊಟ್ಟೆ ಹಿಡಿದು ನಕ್ಕರು. ಯಾರೋ ಮೊಬೈಲಿನಲ್ಲಿ ಹಿಡಿದರು. ಸಂಜೆಯೊಳಗೆ ಅದು ಕಾಶೆಪ್ಪನ ಅಂಗಡಿಗೂ ಬಂತು.

ಮರುದಿನ ವೈಷ್ಣವಿ ಮೈದಾನಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. “ನಮ್ಮ ಹುಡುಗಿ ಊರಿನ ನಗಿಗೆ ಬೇಕಾಗಿಲ್ಲ,” ಎಂದು ಸುಮಂಗಲಾ, ಕರೆಯಲು ಹೋದ ಶೈಲಶ್ರೀಗೆ ಬಾಗಿಲಲ್ಲೇ ಹೇಳಿ ಕಳಿಸಿದಳು.

ಆ ರಾತ್ರಿ ಊಟಕ್ಕೆ ಕೂತಾಗ ಶೈಲಶ್ರೀ ಮೊದಲ ಬಾರಿ ಬಾಯಿ ಬಿಟ್ಟಳು.

“ಮಾಮಾ, ನಿಲಂಗಾದ ಪಂದ್ಯ ಹತ್ತಿರ ಬಂತು. ಎಡಕ್ಕ ಓಡಿಸಿ ರೂಢಿ ಮಾಡದಿದ್ರ ನಾವು ಹೋಗೋದ ಬ್ಯಾಡ. ಜಗತ್ತೆಲ್ಲ ಎಡಕ್ಕ ಓಡ್ತದ.”

“ಜಗತ್ತಿನ ನಡುವ ಬಸವಣ್ಣ ಕುಂತಿಲ್ಲಲ್ಲವಾ.”

“ಹುಡುಗ್ಯಾರದು ಏನ್ ತಪ್ಪು ಅದ ಮಾಮಾ?”

ವೀರಯ್ಯ ತುತ್ತು ಕೆಳಗಿಟ್ಟ. “ತಪ್ಪು ಅವರದಲ್ಲ. ಮಾತು ನಂದು. ಊರ ಮುಂದ ಆಡೀನಿ. ನಾ ಆಡಿದ್ದು ನಾನ ತಿರುವಿದ್ರ, ನಾಳಿ ನಾ ಇಟ್ಟ ಮುಹೂರ್ತ ಯಾರು ನಂಬ್ತಾರ?”

“ನಿಮ್ಮ ಮುಹೂರ್ತದಾಗ ಲಗ್ನ ಆದವರು ದಿನಾ ಕುಸ್ತಿ ಹಿಡೀಲಾಕತ್ಯಾರ,” ಎಂದಳು ನೀಲಾಬಾಯಿ, ಅವನ ತಟ್ಟೆಗೆ ಇನ್ನಷ್ಟು ಪುಂಡಿಪಲ್ಯ ಹಾಕುತ್ತ. “ಆದ್ರೂ ತೊಟ್ಟಿಲಕ್ಕ ನಿಮ್ಮನ್ನ ಕರೀತಾರ. ಉಣ್ರಿ.”

ಶೈಲಶ್ರೀಗೆ ನಗು ಬಂತು, ಕಣ್ಣೂ ತುಂಬಿತು. ವೀರಯ್ಯ ಉಂಡು ಎದ್ದ. ಹಾಸಿಗೆಯಲ್ಲಿ ಬಹಳ ಹೊತ್ತು ಹೊರಳಾಡಿದ. ಅಯ್ಯನ ಬಳಿ ಹೊಲವಿಲ್ಲ, ಅಂಗಡಿಯಿಲ್ಲ, ಇರುವುದೊಂದು ಮಾತು. ಅದನ್ನೂ ಬಿಟ್ಟುಕೊಟ್ಟರೆ ಜೋಳಿಗೆಯಲ್ಲಿ ಏನು ಉಳಿಯುತ್ತದೆ? ಆದರೆ ಕಣ್ಣು ಮುಚ್ಚಿದರೆ ಸಾಕು, ತಾನು ಲಿಂಗ ಕಟ್ಟಿದ ಕೂಸೊಂದು ಎಲ್ಲರಿಗೂ ಎದುರಾಗಿ ಒಂಟಿಯಾಗಿ ಓಡುತ್ತಿತ್ತು.

ಸೋಮವಾರ ಬಂತು. ಪ್ರತಿ ಸೋಮವಾರ ವೀರಯ್ಯ ಊರ ಹೊರಗಿನ ಹಳೆಯ ಕಲ್ಲಿನ ಶಿವಾಲಯಕ್ಕೆ ಹೋಗುತ್ತಾನೆ. ಬಿಲ್ವಪತ್ರೆ ಏರಿಸಿ, ಪ್ರದಕ್ಷಿಣೆಗೆ ಹೊರಟ. ನಂದಿಯಿಂದ ಬಲಕ್ಕೆ ಸುತ್ತುತ್ತ ಹೋಗಿ, ಗರ್ಭಗುಡಿಯ ಅಭಿಷೇಕದ ನೀರು ಹೊರಗೆ ಬೀಳುವ ಗೋಮುಖದ ಬಳಿ ಬಂದ. ಶಿವನ ಗುಡಿಯಲ್ಲಿ ಆ ನೀರಿನ ದಾರಿಯನ್ನು ಯಾರೂ ದಾಟುವುದಿಲ್ಲ. ಅಲ್ಲಿಂದ ಹಿಂತಿರುಗಿ, ಬಂದ ದಾರಿಯಲ್ಲೇ ಎಡಕ್ಕೆ ಸುತ್ತಿಕೊಂಡು ಹೋಗುತ್ತಾರೆ. ವೀರಯ್ಯನೂ ತಿರುಗಿದ. ಹರೆಯದಿಂದ ತಿರುಗಿದ ಹಾಗೆಯೇ ತಿರುಗಿದ. ನಾಲ್ಕು ಹೆಜ್ಜೆ ಹೋದವನು ನಿಂತ. ಗುಡಿ ಅವನ ಎಡಗೈಗೆ ಇತ್ತು.

ತನ್ನ ಕಾಲುಗಳನ್ನು ನೋಡಿಕೊಂಡ. ಅವುಗಳಿಗೆ ಏನೂ ಅನ್ನಿಸಿರಲಿಲ್ಲ. ಶಿವನಿಗೂ ಏನೂ ಅನ್ನಿಸಿದಂತೆ ಕಾಣಲಿಲ್ಲ. ಒಳಗೆ ದೀಪ ಉರಿಯುತ್ತಿತ್ತು, ಗೋಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು.

“ಎಲಾ ಇವನ,” ಎಂದ ವೀರಯ್ಯ. ಶಿವನಿಗೆ ಹೇಳಿದನೋ, ತನಗೆ ಹೇಳಿಕೊಂಡನೋ.

ಜೋಳಿಗೆ ಹೆಗಲಿಗೆ ಹಾಕಿಕೊಂಡು ನೇರ ಚಂಪಾಬಾಯಿಯ ಮನೆಗೆ ಬಂದ. ಪಡಸಾಲೆಯಲ್ಲಿ ಮಹಾದೇವಪ್ಪ ಸೋಯಾಬೀನಿನ ಧಾರಣೆಯನ್ನು ಫೋನಿನಲ್ಲಿ ಕೇಳುತ್ತಿದ್ದ. ಗೋಡೆಗೆ ಒರಗಿ ಚಂಪಾಬಾಯಿ ಅಡಕೆ ಕುಟ್ಟುತ್ತಿದ್ದಳು. ಹಲ್ಲು ಹೋದರೂ ಅಡಕೆ ಬಿಟ್ಟಿರಲಿಲ್ಲ.

ವೀರಯ್ಯ ಕೂತು, ನೀರು ಕುಡಿದು, ಸುತ್ತುಬಳಸದೆ ಹೇಳಿದ: “ಮಹಾದೇವಪ್ಪಾ, ನಾ ಅವತ್ತು ಅರ್ಧಾ ಹೇಳಿದ್ದೆ. ಹುಡುಗ್ಯಾರು ಎಡಕ್ಕನೂ ಓಡ್ಲಿ.” ಶಿವಾಲಯದಲ್ಲಿ ನಡೆದದ್ದನ್ನು ವಿವರಿಸಿದ.

ಮಹಾದೇವಪ್ಪ ಫೋನು ಕೆಳಗಿಟ್ಟ. “ಅಯ್ಯೋರ, ಅದು ಲಿಂಗದ ಗುಡಿ. ಅಲ್ಲಿ ಗೋಮುಖ ಅದ, ತಿರಗ್ತಾರ. ಇಲ್ಲಿ ಬಸವಣ್ಣ ಬಯಲಾಗ ಕುಂತಾನ. ಉಲ್ಟಾ ಸುತ್ತಿಸಿ ನಾಳಿ ಊರಿಗೆ ಏನರ ಆದ್ರ? ನಿಮ್ಮ ಸೊಸಿ ಸಲುವಾಗಿ ಶಾಸ್ತ್ರ ತಿರುವ್ಯಾರ ಅಂತ ಮಂದಿ ಅಂದ್ರ?”

ಈ ಕೊನೆಯ ಮಾತು ವೀರಯ್ಯನಿಗೆ ನಾಟಿತು. ಅವನು ಹೆದರಿದ್ದೇ ಅದಕ್ಕೆ.

ಅಡಕೆ ಕುಟ್ಟುವ ಸದ್ದು ನಿಂತಿತು. “ಮಾದೂ,” ಎಂದಳು ಚಂಪಾಬಾಯಿ, “ನೀ ಸಣ್ಣಾಂವ ಇದ್ದಾಗ ಆ ಹೊಲದಾಗ ಕಣ ಮಾಡ್ತಿದ್ವಿ. ನೆನಪದ?”

“ಅದ ಅವ್ವಾ.”

“ರಾಶಿ ತುಳಿಯೋ ಎತ್ತು ಒಂದ ಕಡಿಗೆ ತಿರಗಿ ತಿರಗಿ ತಲಿ ಸುತ್ತಿ ಬೀಳ್ತಾವಂತ ಏನ್ ಮಾಡ್ತಿದ್ರು ನಿಮ್ಮಪ್ಪ?”

ಮಹಾದೇವಪ್ಪ ಫೋನನ್ನು ಇನ್ನೊಂದಿಷ್ಟು ದೂರ ಸರಿಸಿದ.

“ಅರ್ಧಾ ಹೊತ್ತಿಗೆ ತಿರುವಿ ಹೊಡೀತಿದ್ರು. ಬಸವಣ್ಣನ ಎದುರಿಗೇ. ಎತ್ತು ಅಂದ್ರ ಯಾರೋ? ಅಂವನ ಮಕ್ಕಳ. ತನ್ನ ಮಕ್ಕಳ ತಲಿ ತಿರಗಬಾರದು ಅಂದಾಂವ, ಈ ಹೆಣ್ಣಮಕ್ಕಳಿಗೆ ತಿರಗಲಿ ಅಂತಾನೇನು?”

ಮಹಾದೇವಪ್ಪ ವೀರಯ್ಯನನ್ನು ನೋಡಿದ, ವೀರಯ್ಯ ಮಹಾದೇವಪ್ಪನನ್ನು ನೋಡಿದ. ಇಬ್ಬರೂ ಬಾಯಿಗೆ ರುಮಾಲಿನ ಚುಂಗು ಅಡ್ಡ ಹಿಡಿದು ನಕ್ಕರು.

“ಆದ್ರ ಒಂದು ಮಾತು,” ಎಂದಳು ಮುದುಕಿ, ಮತ್ತೆ ಅಡಕೆಗೆ ಕೈ ಹಾಕುತ್ತ. “ಅಯ್ಯಾ, ಬಲಕ್ಕ ಅಂದಾಂವ ನೀ. ಈಗ ಎಡಕ್ಕ ಅಂದಾಂವನೂ ನೀನ. ಅದಕ್ಕ ದಿನಾ ಸಂಜೀಕ ಎಡಕ್ಕಿನ ಮೊದಲ ಸುತ್ತು ನೀ ನಡೀಬೇಕು. ನಿನ್ನ ಹಿಂದ ಅವರು ಓಡ್ಲಿ. ಏನರ ಆಗೋದಿದ್ರ ಮೊದಲ ನಿನಗ ಆಗ್ಲಿ.”

“ಆಗ್ಲಿ ಯವ್ವಾ,” ಎಂದ ವೀರಯ್ಯ. ಅಷ್ಟು ಹಗುರಾಗಿ ಅವನು ಯಾವ ಶಿಕ್ಷೆಯನ್ನೂ ಒಪ್ಪಿರಲಿಲ್ಲ.

ಅಲ್ಲಿಂದೆದ್ದವನು ಸುಮಂಗಲಾಳ ಬಾಗಿಲಿಗೆ ಬಂದ. ಅಯ್ಯ ಬಂದನೆಂದು ಅವಳು ಮೊರದಲ್ಲಿ ಹಿಟ್ಟು ತಂದಳು. ವೀರಯ್ಯ ಜೋಳಿಗೆ ಬಿಚ್ಚಲಿಲ್ಲ.

“ಇವತ್ತ ಹಿಟ್ಟು ಬ್ಯಾಡವಾ. ಭಿಕ್ಷಾ ಬ್ಯಾರೆ ಅದ.”

“ಏನ್ ಕೊಡ್ಲಿ ಸ್ವಾಮ್ಯಾರ?”

“ಸಂಜೀಕ ಹುಡುಗಿ ಕಳಸು. ಉಮರ್ಗಾದಾಗ ತಪ್ಪಿದ್ದು ಆಕಿ ಕಾಲಲ್ಲ, ನನ್ನ ಬಾಯಿ. ನಕ್ಕವರು ಇನ್ನ ನನ್ನ ನೋಡಿ ನಗಲಿ.”

ಸುಮಂಗಲಾ ಮೊರ ಹಿಡಿದೇ ನಿಂತಳು. ಅಯ್ಯ ಕೇಳಿದ ಭಿಕ್ಷೆಗೆ ಇಲ್ಲವೆಂದವರು ಆ ಮನೆಯಲ್ಲಿ ಇರಲಿಲ್ಲ. ಒಳಬಾಗಿಲಿನ ಹಿಂದೆ ಯಾರೋ ಮೂಗು ಒರೆಸಿಕೊಂಡರು; ಮರುಕ್ಷಣವೇ ಬೂಟು ಹುಡುಕುವ ಸದ್ದಾಯಿತು.

ಸಂಜೆ ಮೈದಾನದ ಅಂಚಿನಲ್ಲಿ ಅರ್ಧ ಊರು ನಿಂತಿತ್ತು. ಏನಾದರೂ ಆಗುತ್ತದೆಂದು ಕೆಲವರು, ಏನೂ ಆಗದಿರಲಿ ಎಂದು ಕೆಲವರು. ವೀರಯ್ಯ ಬಸವಣ್ಣನಿಗೆ ಕೈ ಮುಗಿದ, ಬೆತ್ತ ಹಿಡಿದ, ಎಡಕ್ಕೆ ತಿರುಗಿ ಸುಣ್ಣದ ಗೆರೆಯ ಮೇಲೆ ನಡೆದ. ಅವನ ಅವಸರವಿಲ್ಲದ ಹೆಜ್ಜೆಯ ಹಿಂದೆ ಹುಡುಗಿಯರು ನಿಂತಲ್ಲೇ ಕುಣಿಯುತ್ತ ಕಾದರು. ಒಂದು ಸುತ್ತು ಮುಗಿಯಿತು. ಬೇವಿನ ಮರದಿಂದ ಒಂದು ಹಣ್ಣೆಲೆ ಬಿತ್ತು; ಅದು ಬಲಕ್ಕೆ ಸುತ್ತಿದ ದಿನಗಳಲ್ಲೂ ಬೀಳುತ್ತಿತ್ತು. “ಇಷ್ಟ ಏನು?” ಎಂದ ಕಾಶೆಪ್ಪ, ಸ್ವಲ್ಪ ನಿರಾಶನಾಗಿ. ಶೈಲಶ್ರೀ ಸೀಟಿ ಊದಿದಳು. ಮಳೆ ನಿಂತ ಮೇಲೆ ಕಾಲುವೆಗೆ ಬಿಟ್ಟ ನೀರಿನಂತೆ ಹುಡುಗಿಯರು ಎಡಕ್ಕೆ ಹರಿದರು.

ಬೆಳಿಗ್ಗೆ ಬಲ, ಸಂಜೆ ಎಡ, ಅದೇ ಕ್ರಮವಾಯಿತು. ಅದರಿಂದ ಶೈಲಶ್ರೀಯೂ ಎಣಿಸದ ಒಂದು ಲಾಭವಾಯಿತು. ಎರಡೂ ಕಡೆಗೆ ತಿರುಗಿ ರೂಢಿಯಾದ ಹುಡುಗಿಯರು ಚೆಂಡನ್ನೂ ಎರಡೂ ಕಡೆಗೆ ತಿರುಗಿಸತೊಡಗಿದರು. ಬಲಗಾಲು ಬಿಟ್ಟರೆ ಇನ್ನೊಂದು ಕಾಲಿದೆ ಎಂಬುದನ್ನೇ ಮರೆತಿದ್ದವರು ಎಡಗಾಲಿನಿಂದ ಒದ್ದರು. ಮೊದಮೊದಲು ಚೆಂಡು ಎಲ್ಲೆಲ್ಲಿಗೋ ಹೋಯಿತು. ಬಸವಣ್ಣ ಹಗಲೆಲ್ಲ ಏಟು ತಿಂದ. ಆಮೇಲೆ ಏಟು ಕಡಿಮೆಯಾದವು. ಮನೆಯಲ್ಲಿ ಕೂತು ‘ಧಪ್’ ಎಂಬ ಸದ್ದಿಗೆ ಕಾದ ವೀರಯ್ಯನಿಗೆ ಅದರ ಬದಲು ಬಲೆಯ ‘ಸರ್’ ಎಂಬ ಸದ್ದು ಕೇಳಿಸತೊಡಗಿತು.

ನಿಲಂಗಾದಲ್ಲಿ ಎದುರಿನ ಹುಡುಗಿಯರು ಬಲಕ್ಕೆ ಕಾವಲು ನಿಂತರು. ಕೆರೂರವಾಡಿಯವರು ಎಡದಿಂದ ಬಂದರು. ಎಡಕ್ಕೆ ಸರಿದಾಗ ಬಲದಿಂದ ಬಂದರು. ಚೆಂಡಾಟ ಗೆದ್ದರು, ಓಟದಲ್ಲೂ ಗೆದ್ದರು. ಊಟದ ಪೊಟ್ಟಣ ತಿನ್ನುವುದನ್ನೇ ಮರೆತು ಬಂದರು. ಗೋಲ್‌ಕೀಪರ್ ಅಮೃತ ಮಾತ್ರ ತನ್ನದನ್ನೂ ತಿಂದು, ಮರೆತವರ ಪೊಟ್ಟಣಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು.

ಜಿಲ್ಲೆಯ ಪಂದ್ಯ ಉದಗೀರದಲ್ಲಿ. ಹೊರಡುವ ಮುಂಜಾನೆ ಅಮೃತ ವೀರಯ್ಯನ ಮನೆಗೆ ಬಂದಳು.

“ಅಜ್ಜಾ, ನೀವೂ ಬರ್ರಿ.”

“ನಾ ಬಂದು ಏನ್ ಮಾಡ್ಲೆ ಮಗಳ?”

“ಗೋಲಿನ ಹಿಂದ ನಿಂದರ್ರಿ. ನಿಲಂಗಾದಾಗ ಹಿಂದ ನೋಡಿದ್ರ ಯಾರೂ ಇರಲಿಲ್ಲ. ಬೆನ್ನು ಬೋಳ ಬೋಳ ಅನ್ನಸ್ತದ. ಬಸವಣ್ಣಗ ಬರಲಾಕ ಆಗಂಗಿಲ್ಲ, ನೀವರ ಬರ್ರಿ.”

ನೀಲಾಬಾಯಿ ಆಗಲೇ ಶೇಂಗಾ ಉಂಡಿಯ ಡಬ್ಬಿ ಕಟ್ಟಿಟ್ಟಿದ್ದಳು. “ಹೋಗ್ರಿ. ಕಲ್ಲಿನಂಗ ನಿಂದ್ರೋದು ನಿಮಗ ಚೊಲೊ ಬರ್ತದ,” ಎಂದಳು.

ಉದಗೀರದ ಬಸ್ಸಿಗೆ ಅಂದು ಓಂಪ್ರಕಾಶನೇ ಕಂಡಕ್ಟರ್. ದಾರಿಯುದ್ದಕ್ಕೂ ಹುಡುಗಿಯರು ಮರಾಠಿ ಹಾಡು ಹೇಳಿದರು. ದೇವಣಿ ದಾಟುವಾಗ ಹಾಡು ಸಾಲದೆ ಬಂದು ವೀರಯ್ಯನ ಮಠದ ಮಂಗಳಾರತಿಯನ್ನೇ ಚಪ್ಪಾಳೆ ಹೊಡೆದು ಹಾಡಿದರು.

ಚೆಂಡಾಟದ ಕೊನೆಯ ಪಂದ್ಯದಲ್ಲಿ ಎದುರಿಗಿದ್ದದ್ದು ದೊಡ್ಡ ಊರಿನ ಒಂದು ಶಾಲೆ. ಅವರ ಅಂಗಿಗಳು ಕಣ್ಣು ಕುಕ್ಕುವಷ್ಟು ಹೊಸವು. ಗೋಲಿನ ಹಿಂದೆ ತಲೆಗೆ ಕಾವಿ ರುಮಾಲು ಸುತ್ತಿ, ಹಣೆಗೆ ಮೂರೆಳೆ ವಿಭೂತಿ ಎಳೆದು, ಕೈಯಲ್ಲಿ ಬೆತ್ತ ಹಿಡಿದು ನಿಂತ ಮುದುಕನನ್ನು ಕಂಡು ಆ ಕಡೆಯವರು ನಕ್ಕರು. “ಬಾರಾವಾ ಖೇಳಾಡೂ!” ಎಂದು ಒಬ್ಬಳು ಮರಾಠಿಯಲ್ಲಿ ಕೂಗಿದಳು. ಹನ್ನೆರಡನೆಯ ಆಟಗಾರ ಗಂಭೀರವಾಗಿ ತಲೆಯಾಡಿಸಿದ.

ಬಹಳ ಹೊತ್ತು ಯಾರಿಗೂ ಗೋಲು ಬರಲಿಲ್ಲ. ಒಮ್ಮೆ ಎದುರಾಳಿಯ ಚೆಂಡು ಅಮೃತಳನ್ನು ದಾಟಿ, ಕಂಬದ ಹೊರಗಿನಿಂದ ಹಾದು, ‘ಧಪ್’ ಎಂದು ವೀರಯ್ಯನ ಹೊಟ್ಟೆಗೆ ಬಡಿಯಿತು. ಅವನು ಎರಡೂ ಕೈಯಿಂದ ಅದನ್ನು ಅವುಚಿಕೊಂಡು ಹಾಗೆಯೇ ನಿಂತ. ಅಲ್ಲಾಡಲಿಲ್ಲ. “ಬಸವಣ್ಣ ಹಿಡದಾ!” ಎಂದು ಅಮೃತ ಕೂಗಿದಳು. ಕೆರೂರವಾಡಿಯ ಹುಡುಗಿಯರು ನಕ್ಕು ನಕ್ಕು ಹಗುರಾದರು. ಆ ನಗು ಇನ್ನೂ ಮುಖದ ಮೇಲಿರುವಾಗಲೇ ವೈಷ್ಣವಿ ಚೆಂಡು ಹಿಡಿದು ಬಲಕ್ಕೆ ವಾಲಿದಳು. ಕಾವಲಿನವಳೂ ಬಲಕ್ಕೆ ಬಂದಳು. ವೈಷ್ಣವಿ ಎಡಕ್ಕೆ ತಿರುಗಿ ಎಡಗಾಲಿನಿಂದ ಒದ್ದಳು. ಬಲೆ ‘ಸರ್’ ಎಂದಿತು. ಅದೊಂದೇ ಗೋಲು, ಅಷ್ಟೇ ಸಾಕಾಯಿತು.

ಮಧ್ಯಾಹ್ನ ರಿಲೇ. ವೀರಯ್ಯನಿಗೆ ಈಗ ಗೋಲಿನ ಕೆಲಸವಿರಲಿಲ್ಲ. ತಿರುವಿನ ಹೊರಗೆ ಹಗ್ಗ ಹಿಡಿದು ನಿಂತ. ಅವನಿಂದ ಸ್ವಲ್ಪ ದೂರದಲ್ಲಿ, ಗೆರೆಯ ಮೇಲೆ, ಕೊನೆಯ ಪಾಳಿಗೆ ವೈಷ್ಣವಿ ನಿಂತಿದ್ದಳು. ಉಮರ್ಗಾದ ಮೊಬೈಲ್ ಚಿತ್ರದಲ್ಲಿ ಕಂಡಂಥದೇ ತಿರುವು, ಅಂಥದೇ ಕೋಲು; ನಿಲಂಗಾದ ಗೆಲುವನ್ನು ವೀರಯ್ಯ ಕಣ್ಣಾರೆ ಕಂಡಿರಲಿಲ್ಲ. ಅವಳ ಬಲಭುಜ ಒಂದಿಷ್ಟು ಆ ಕಡೆಗೆ ವಾಲಿದಂತೆ ಅವನಿಗೆ ಕಂಡಿತು. ಎಷ್ಟೋ ಮದುವೆಗಳಲ್ಲಿ ಮಂಗಳಾಷ್ಟಕ ಕೂಗಿದವನು ಅಂದು ಬಾಯೊಳಗೇ ‘ಎಡಕ್ಕ, ಎಡಕ್ಕ’ ಎಂದು ಜಪಿಸತೊಡಗಿದ.

ಕೋಲು ಬಂತು. ಹಿಡಿದಳು. ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಎಲ್ಲವೂ ನಿಂತಂತಾಯಿತು. ಆಮೇಲೆ ಅವಳ ಎಡಭುಜ ಒಳಕ್ಕೆ ಬಾಗಿತು. ಸಂಜೆಯ ಮೈದಾನದಲ್ಲಿ ಬೇವಿನ ಮರವನ್ನು ಬಳಸುವಾಗ ಬಾಗುತ್ತಿದ್ದ ಹಾಗೆಯೇ.

ಹಗ್ಗದ ಹೊರಗೆ ಏನೋ ಓಡಿದ್ದನ್ನು ಮಂದಿ ನೋಡಿದರು. ಕಾವಿ ರುಮಾಲು ಬಿಚ್ಚಿ ಗಾಳಿಗೆ ಹಾರುತ್ತಿತ್ತು. ಬೆತ್ತ ಎಲ್ಲೋ ಬಿದ್ದಿತ್ತು. ಧೋತರದ ಚುಂಗು ಕೈಯಲ್ಲಿತ್ತು. ವೀರಯ್ಯ ಓಡುತ್ತಿದ್ದ. ವೈಷ್ಣವಿ ಅವನನ್ನು ನೋಡಲೂ ಇಲ್ಲ. ನೋಡುವ ಅಗತ್ಯವೂ ಅವಳಿಗಿರಲಿಲ್ಲ. ಅವಳ ಮುಂದೆ ಯಾರೂ ಉಳಿದಿರಲಿಲ್ಲ. ತಿರುವು ಮುಗಿಯುವ ಮೊದಲೇ ಅವನ ಉಸಿರು ಮುಗಿದು, ಯಾರೋ ಹಣ್ಣು ಮಾರುವವನ ಗಾಡಿಗೆ ಆತು ನಿಂತ. ಅತ್ತ ಅಂಚಿನಿಂದ ಶೈಲಶ್ರೀಯ ಕೂಗು ಕೇಳಿಸಿತು. ಸೀಟಿ ಊದುವುದನ್ನು ಮರೆತು ಅವಳು ಬರೀ ಕೂಗುತ್ತಿದ್ದಳು.

ಮರಳುವ ಬಸ್ಸಿನಲ್ಲಿ ಬಹುಮಾನದ ಎರಡು ಢಾಲು ಓಂಪ್ರಕಾಶನ ಸೀಟಿನ ಮೇಲೆ ಕೂತವು. ಅವನು ಊರು ಬರುವತನಕ ನಿಂತೇ ಬಂದ. ಮಹಾದೇವಪ್ಪ ನಿಲ್ದಾಣಕ್ಕೆ ಹಲಗೆ ಬಾರಿಸುವವರನ್ನು ಕರೆಸಿದ್ದ. ಚಂಪಾಬಾಯಿ ಪ್ರತಿ ಹುಡುಗಿಯ ದೃಷ್ಟಿ ತೆಗೆದು ನೆಟಿಗೆ ಮುರಿದು, ವೀರಯ್ಯನ ಬೋಳು ತಲೆ ನೋಡಿ ಕೇಳಿದಳು: “ಅಯ್ಯಾ, ರುಮಾಲೆಲ್ಲಿ?”

“ಎಡಕ್ಕ ಹಾರಿತು ಯವ್ವಾ.”

ಹೈಸ್ಕೂಲಿಗೆ ಅಂಥ ವರ್ಷ ಹಿಂದೆಂದೂ ಬಂದಿರಲಿಲ್ಲ. ಮುಂದೆ ವಿಭಾಗದ ಪಂದ್ಯಗಳಿದ್ದವು. ಸುತ್ತಲಿನ ಶಾಲೆಗಳವರು ಕೆರೂರವಾಡಿಗೆ ಬಂದು ಹೋಗತೊಡಗಿದರು. ಒಂದು ಸಂಜೆ ದೇವಣಿಯ ಕಡೆಯ ಒಬ್ಬ ಕ್ರೀಡಾ ಶಿಕ್ಷಕ ಮೋಟಾರ್‌ಸೈಕಲ್ಲಿನಲ್ಲಿ ಬಂದ. ಕಾಶೆಪ್ಪನ ಅಂಗಡಿಯ ಬೆಂಚಿನ ಮೇಲೆ ವೀರಯ್ಯನ ಪಕ್ಕ ಕೂತು, ತಾನೇ ಚಹಾ ಹೇಳಿ, ದನಿ ತಗ್ಗಿಸಿದ.

“ಸ್ವಾಮ್ಯಾರ, ನಾ ಯಾರ ಮುಂದೂ ಹೇಳಂಗಿಲ್ಲ. ಗುಟ್ಟು ಏನದ?”

“ಗುಟ್ಟು ಅಲ್ಲಿ ಕಟ್ಟಿ ಮ್ಯಾಲ ಕುಂತದ, ಎರಡು ಕೋಡು ಅವ,” ಎಂದ ಕಾಶೆಪ್ಪ, ಕಪ್ಪು-ಬಸಿ ಒರೆಸುತ್ತ. “ಗಾಡಿ ಮ್ಯಾಲ ಒಯ್ತೀರೇನು?”

“ಏ, ನಮ್ಮ ದೇವಣ್ಯಾಗ ಮೇವು ತಿನ್ನೋ ಬಸವಣ್ಣಗೋಳ ಓಣಿಗೊಂದು ಅವ. ಕಲ್ಲಿಂದು ಯಾಕ ಬೇಕು? ನೀವು ಹೇಳ್ರಿ ಸ್ವಾಮ್ಯಾರ.”

ವೀರಯ್ಯ ಬಸಿಯ ಚಹಾ ಊದಿ ಆರಿಸಿ, ಒಂದು ಗುಟುಕು ಕುಡಿದ. “ಗುಟ್ಟು ಏನಿಲ್ಲ ನೋಡ್ರಿ. ಅವತ್ತ ಸೋಮವಾರ ಇತ್ತು. ನಾ ಗುಡಿಗೆ ಹೋಗಿದ್ದೆ. ಹೋಗಿ, ಗೋಮುಖದ ತನಕ ಬಂದು—”

ಮೈದಾನದಿಂದ ಉದ್ದನೆಯ ಸೀಟಿ ಕೇಳಿಸಿತು.

ವೀರಯ್ಯ ಬಸಿಯನ್ನು ಬೆಂಚಿನ ಮೇಲಿಟ್ಟು ಎದ್ದ. “ಕಾಶೆಪ್ಪಾ, ಚಹಾ ಮುಚ್ಚಿಡು,” ಎಂದು ಬೆತ್ತ ತೆಗೆದುಕೊಂಡ.

“ಗೋಮುಖದ ತನಕ ಬಂದು?” ಶಿಕ್ಷಕ ಅರ್ಧ ಎದ್ದ. “ಮುಂದ ಏನಾತ್ರಿ? ಸ್ವಾಮ್ಯಾರ!”

ವೀರಯ್ಯ ರಸ್ತೆ ದಾಟಿಯಾಗಿತ್ತು. ಹುಡುಗಿಯರು ಗೆರೆಯ ಮೇಲೆ ನಿಂತಲ್ಲೇ ಕುಣಿಯುತ್ತ ಅವನಿಗಾಗಿ ಕಾಯುತ್ತಿದ್ದರು. ಹೊಸ ರುಮಾಲಿನ ಚುಂಗು ಬೆನ್ನ ಮೇಲೆ ಬಡಿಯುತ್ತಿತ್ತು, ಹೆಜ್ಜೆ ಮೊದಲಿಗಿಂತ ಸ್ವಲ್ಪ ಬೀಸಾಗಿತ್ತು. ಬೇವಿನ ಮರದ ಹತ್ತಿರ ಬಂದು, ಬಸವಣ್ಣನಿಗೆ ಕೈ ಮುಗಿದು, ಅವನು ಎಡಕ್ಕೆ ತಿರುಗಿದ.